ಬೀಗದ ಜೊತೆಗೇ ಬರುವ ಕೀಲಿಕೈ

ರಾಮನಗರ ದಾಟಿ ಅನಮೋಡ ಘಟ್ಟ ಇಳಿದರೆ ಗೋವೆಯ ಮೊಲೆಂ. ಅಲ್ಲಿನ ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತಾಗ ಬಿಲ್ಲು ಒಂದು ಹೇಳಬಹುದು, ತಾಡಪತ್ರಿಯ ಕೆಳಗೆ ಇನ್ನೊಂದು ಇರಬಹುದು. ಎತ್ತಿ ನೋಡಿದರೇ ತಿಳಿಯುವುದು. ನಮ್ಮ ಇಮೇಲಿಗೂ ಇಂಥದೊಂದು ತಪಾಸಣೆಯ ಗೇಟು ಬೇಕು.

ಇಮೇಲ್ ಹುಟ್ಟಿದ್ದು ಬರಿಯ ಅಕ್ಷರ ಸಾಗಿಸಲು. ಆದ್ದರಿಂದ ನಾವು ಲಗತ್ತಿಸುವ ಫೋಟೊ, ಬಿಲ್ಲುಗಳೆಲ್ಲ ಸಾಮಾನ್ಯವಾಗಿ ಬೇಸ್64 ಎಂಬ ಪದ್ಧತಿಯಲ್ಲಿ, ಮೂರು ಬೈಟಿಗೆ ನಾಲ್ಕು ಅಕ್ಷರದಂತೆ, ಅಕ್ಷರಗಳಾಗಿಯೇ ಪಯಣಿಸುತ್ತವೆ. ಸರ್ವರಿನ ಸ್ಕ್ಯಾನರ್ ಮೊದಲು ಈ ಗಂಟು ಬಿಚ್ಚಿ, ಫೈಲಿನ ಆರಂಭದ ಬೈಟುಗಳನ್ನು ಓದುತ್ತದೆ. ವಿಂಡೋಸ್ ಪ್ರೋಗ್ರಾಮಾದರೆ ಅಲ್ಲಿ ಎಂ, ಝಡ್ ಇರುತ್ತವೆ; ಜಿಪ್ ಆದರೆ ಪಿ, ಕೆ. ಮಾರ್ಕ್ ಝ್ಬಿಕೊವ್‌ಸ್ಕಿ, ಫಿಲ್ ಕಾಟ್ಜ್ ಎಂಬ ಪ್ರೋಗ್ರಾಮರುಗಳ ಹೆಸರಿನ ಮೊದಲಕ್ಷರಗಳಿವು. ಬಿಲ್ಲೆಂದು ಹೆಸರಿಟ್ಟ ಪ್ರೋಗ್ರಾಮು ಇಲ್ಲೇ ಸಿಕ್ಕಿಬೀಳುತ್ತದೆ.

ಹೆಸರನ್ನು ನಂಬಿ ಜಗತ್ತು ಕೆಟ್ಟದ್ದುಂಟು. 2000ದ ಮೇ 4ರಂದು ಹರಡತೊಡಗಿದ ‘ಐ ಲವ್ ಯೂ’ ವರ್ಮ್‌ನ ಹೆಸರಿನಲ್ಲಿ ‘ಟಿಎಕ್ಸ್‌ಟಿ’ ಇತ್ತು, ಅದರಾಚೆ ‘ವಿಬಿಎಸ್’ ಇತ್ತು. ವಿಂಡೋಸ್ ಆ ಕೊನೆಯ ತುಣುಕನ್ನು ಮರೆಮಾಡುತ್ತಿದ್ದುದರಿಂದ ಜನ ಪ್ರೇಮಪತ್ರವೆಂದೇ ಕ್ಲಿಕ್ಕಿಸಿದರು.

ಹಳೆಯ ವೈರಸ್ಸುಗಳ ಗುರುತು ಸ್ಕ್ಯಾನರಿನ ಪಟ್ಟಿಯಲ್ಲಿರುತ್ತದೆ. ಹೊಸದಾದರೆ? ಸ್ಯಾಂಡ್‌ಬಾಕ್ಸ್ ಎಂಬ ನಕಲಿ ಕಂಪ್ಯೂಟರಿನಲ್ಲಿ ಫೈಲನ್ನು ತೆರೆದು ಅದು ಏನು ಮಾಡುತ್ತದೆಂದು ಕಾಯುತ್ತಾರೆ. ಅಪರಿಚಿತ ಸರ್ವರಿಗೆ ಕರೆ ಹೋದರೆ ಅಲ್ಲಿಗೇ ತಡೆ.

ನನ್ನನ್ನು ಕಾಡುವುದು ಬೀಗ ಹಾಕಿದ ಜಿಪ್. ಎಮೋಟೆಟ್ ಎಂಬ ವೈರಸ್ ಜಾಲದವರು 2020ರಲ್ಲಿ ಇದನ್ನು ಧಾರಾಳವಾಗಿ ಬಳಸಿದರು. ಕದ್ದ ಹಳೆಯ ಪತ್ರವ್ಯವಹಾರಕ್ಕೆ ಉತ್ತರವೆಂಬಂತೆ ಮೇಲ್ ಬರುತ್ತಿತ್ತು, ಪಾಸ್‌ವರ್ಡ್ ಅದರಲ್ಲೇ ಬರೆದಿರುತ್ತಿತ್ತು. ಕೀಲಿಯಿಲ್ಲದ ಸ್ಕ್ಯಾನರಿಗೆ ಒಳಗೇನಿದೆಯೆಂದು ಕಾಣುವುದಿಲ್ಲ. ಕೀಲಿಯಿರುವ ಮನುಷ್ಯ ತಾನೇ ತೆರೆಯುತ್ತಾನೆ. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಆ ಜಾಲವನ್ನು ಕೆಡವಿದರು. ನವೆಂಬರಿನಲ್ಲಿ ಅದು ಮತ್ತೆ ತಲೆಯೆತ್ತಿತು.

ನಮ್ಮ ಬ್ಯಾಂಕುಗಳೂ ಬೀಗ ಹಾಕಿದ ಪಿಡಿಎಫ್ ಕಳಿಸುತ್ತವಲ್ಲ ಎನ್ನಬಹುದು. ಅಲ್ಲಿ ಸಾಮಾನ್ಯವಾಗಿ ಹುಟ್ಟಿದ ದಿನಾಂಕದಂಥ ಸುಳಿವು ಮಾತ್ರ ಇರುತ್ತದೆ, ಉತ್ತರ ನಿಮ್ಮಲ್ಲಿರುತ್ತದೆ. ಬೀಗವೂ ಕೀಲಿಯೂ ಒಂದೇ ಲಕೋಟೆಯಲ್ಲಿ ಬಂದರೆ ಆ ಬೀಗ ಕಳ್ಳನಿಗಲ್ಲ, ಕಾವಲುಗಾರನಿಗೆ ಹಾಕಿದ್ದು. ಕಳಿಸಿದವರಿಗೆ, ನಿಮ್ಮಲ್ಲಿ ಮೊದಲೇ ಇರುವ ನಂಬರಿನಿಂದ, ಫೋನ್ ಮಾಡಿ ಕೇಳಿ.

ತೆರೆದೇಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಕಡಿದುಹಾಕಿ. ಪಾಸ್‌ವರ್ಡುಗಳನ್ನು ಬೇರೊಂದು ಸಾಧನದಿಂದ ಬದಲಿಸಿ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ವೈರಸ್ ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.