ಯಂತ್ರ ಅಳಿದರೂ ಆಟ ಉಳಿದೀತೇ? ‘ಮುಸ್ತಫಾ’ ಕಲಿಸುವ ಪಾಠ

ರಾಯಚೂರು: ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಸಿ.ಬೀಡನ್ ಪತ್ತೆಹಚ್ಚಿದ ಅಶೋಕನ ಶಾಸನವು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಬಂಡೆಯ ಮೇಲೆ ಉಳಿದುಬಂದಿದೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಶಾಸನಗಳೂ ಶತಮಾನಗಳನ್ನು ದಾಟಿವೆ. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ವನ್ನು ಜನರು ನಕಲು ಮಾಡಿಕೊಂಡು, ಹಾಡಿಕೊಂಡು ಉಳಿಸಿದರು. ಆದರೆ 1993ರಲ್ಲಿ ತಯಾರಾದ ಒಂದು ವಿಡಿಯೋ ಗೇಮ್‌ನ ಆಯುಷ್ಯ ಒಂದು ಸಣ್ಣ ಬ್ಯಾಟರಿಯನ್ನು ಅವಲಂಬಿಸಿದೆ ಎಂದರೆ ಅಚ್ಚರಿಯಾಗಬಹುದು.

ಆ ಆಟದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಹೀಗೆಂದರೆ ಬಹುತೇಕರಿಗೆ ಗುರುತು ಸಿಗಲಾರದು. ‘ಮುಸ್ತಫಾ’ ಎಂದರೆ 90ರ ದಶಕದಲ್ಲಿ ಪಾರ್ಲರ್‌ಗಳಲ್ಲಿ ನಾಣ್ಯ ಹಾಕಿ ಆಡಿದವರಿಗೆ ತಕ್ಷಣ ನೆನಪಾಗುತ್ತದೆ. ಹಳದಿ ಟೋಪಿಯ ನಾಯಕನ ಹೆಸರನ್ನೇ ಭಾರತದ ಆಟಗಾರರು ಆಟಕ್ಕೂ ಇಟ್ಟುಬಿಟ್ಟರು.

ಬ್ಯಾಟರಿಯಲ್ಲಿದೆ ಜೀವ

ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ರೂಪಿಸಿದ ಈ ಆಟ ಸಿಡಿ ಅಥವಾ ಕ್ಯಾಸೆಟ್‌ನಲ್ಲಿ ಇರುವಂಥದ್ದಲ್ಲ. ದೊಡ್ಡ ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಬೋರ್ಡಿನ ಚಿಪ್‌ಗಳಲ್ಲಿ ಅದರ ಚಿತ್ರ, ಶಬ್ದ ಹಾಗೂ ನಿಯಮಗಳೆಲ್ಲ ಅಡಗಿವೆ. ಕಳ್ಳನಕಲು ತಡೆಯಲು ಶಬ್ದ ವಿಭಾಗದ ಪ್ರೋಗ್ರಾಂ ಅನ್ನು ಗೂಢಲಿಪಿಗೆ ಬದಲಾಯಿಸಿ, ಅದನ್ನು ಬಿಡಿಸುವ ಕೀಲಿಯನ್ನು ಬ್ಯಾಟರಿಯ ಬಲದಿಂದ ನಿಲ್ಲುವ ಸ್ಮೃತಿಯಲ್ಲಿ ಇರಿಸಲಾಗಿತ್ತು. ಬ್ಯಾಟರಿ ಬರಿದಾದರೆ ಕೀಲಿ ಅಳಿಸಿಹೋಗುತ್ತದೆ; ಆಗ ಬೋರ್ಡು ತನ್ನದೇ ಬರಹವನ್ನು ತಾನು ಓದಲಾರದು. ಇದೇ ಸಂಸ್ಥೆಯ ನಂತರದ ‘ಸಿಪಿಎಸ್-2’ ಬೋರ್ಡುಗಳಲ್ಲಂತೂ ಮುಖ್ಯ ಪ್ರೋಗ್ರಾಂ ಕೂಡ ಗೂಢಲಿಪಿಯಲ್ಲಿದ್ದು, ಬ್ಯಾಟರಿ ಸತ್ತರೆ ಆಟವೇ ಆರಂಭವಾಗದು.

ಬ್ಯಾಟರಿ ಇಲ್ಲದ ಬೋರ್ಡುಗಳೂ ಅಮರವಲ್ಲ. ಅನೇಕ ಚಿಪ್‌ಗಳಲ್ಲಿ ಮಾಹಿತಿ ವಿದ್ಯುದಾವೇಶದ ರೂಪದಲ್ಲಿದ್ದು, ದಶಕಗಳು ಕಳೆದಂತೆ ಅದು ಸೋರಿಹೋಗುತ್ತದೆ. ಬಿಸಿಲು, ಧೂಳು, ತೇವಾಂಶಗಳೂ ತಮ್ಮ ಕೆಲಸ ಮಾಡುತ್ತವೆ.

ಎಮ್ಯುಲೇಟರ್ ಎಂದರೇನು?

ಚಿಪ್‌ನಲ್ಲಿರುವ ಮಾಹಿತಿಯನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು. ಮಸ್ಕಿ ಶಾಸನವನ್ನು ಪತ್ತೆಯಾದ ಕೂಡಲೇ ಓದಲು ಸಾಧ್ಯವಾದದ್ದು, 1837ರಲ್ಲಿಯೇ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದರಿಂದ. ಲಿಪಿ ತಿಳಿಯದಿದ್ದರೆ ಶಾಸನದ ಅಚ್ಚು ಕೈಯಲ್ಲಿದ್ದರೂ ಪ್ರಯೋಜನವಿಲ್ಲ. ಆಟದ ಚಿಪ್‌ನ ನಕಲೂ ಹಾಗೆಯೇ. ಅದನ್ನು ಓದಿ ಅರ್ಥಮಾಡಿಕೊಳ್ಳುವ ಯಂತ್ರ ಬೇಕು.

ಆ ಯಂತ್ರವನ್ನೇ ಸಾಫ್ಟ್‌ವೇರ್‌ನಲ್ಲಿ ಮರುಸೃಷ್ಟಿಸುವುದು ಎಮ್ಯುಲೇಶನ್. ಮುಸ್ತಫಾ ಬೋರ್ಡಿನ ಮುಖ್ಯ ಪ್ರೊಸೆಸರ್ ಮೋಟೊರೋಲಾ 68000. ಎಮ್ಯುಲೇಟರ್ ಅದರ ಒಂದೊಂದು ಆದೇಶವನ್ನೂ ಅನುಕರಿಸುತ್ತದೆ; ಶಬ್ದ, ಚಿತ್ರಗಳ ಚಿಪ್‌ಗಳನ್ನೂ ಅಷ್ಟೇ ನಿಷ್ಠೆಯಿಂದ ನಟಿಸುತ್ತದೆ. ತಾನು ಓಡುತ್ತಿರುವುದು ಪಾರ್ಲರಿನ ಪೆಟ್ಟಿಗೆಯಲ್ಲೋ ಮನೆಯ ಕಂಪ್ಯೂಟರಿನಲ್ಲೋ ಎಂಬುದು ಆಟಕ್ಕೆ ತಿಳಿಯುವುದಿಲ್ಲ.

ಈ ಕ್ಷೇತ್ರದಲ್ಲಿ ಪ್ರಮುಖ ಹೆಸರು ‘ಮೇಮ್’. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರುವರಿಯಲ್ಲಿ ಇದರ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಹಳೆಯ ಯಂತ್ರಗಳು ಹೇಗೆ ಕೆಲಸ ಮಾಡುತ್ತಿದ್ದವು ಎಂಬುದನ್ನು ದಾಖಲಿಸುವುದೇ ಇದರ ಘೋಷಿತ ಉದ್ದೇಶ. 2016ರಿಂದ ಇದು ಸಂಪೂರ್ಣ ಮುಕ್ತ ತಂತ್ರಾಂಶವಾಗಿದೆ. ‘ಇಂಟರ್ನೆಟ್ ಆರ್ಕೈವ್’ ಸಂಸ್ಥೆಯು ಇದೇ ತಂತ್ರವನ್ನು ಆಧರಿಸಿ 2014ರಲ್ಲಿ ಸುಮಾರು 900 ಪಾರ್ಲರ್ ಆಟಗಳನ್ನು ಬ್ರೌಸರ್‌ನಲ್ಲಿಯೇ ಆಡುವಂತೆ ಮಾಡಿತು.

ಕಾನೂನಿನ ತೊಡಕು

ಮೇಮ್ ತಂತ್ರಾಂಶದ ಬಳಕೆಗೆ ಅಡ್ಡಿಯಿಲ್ಲ. ಆದರೆ ಆಟದ ಮಾಹಿತಿಯ ಹಕ್ಕು ತಯಾರಕರದ್ದು. ಕ್ಯಾಪ್‌ಕಾಮ್ 2018ರಲ್ಲಿ ತನ್ನ ಏಳು ಹಳೆಯ ಹೊಡೆದಾಟದ ಆಟಗಳ ಕಟ್ಟನ್ನು ಮಾರುಕಟ್ಟೆಗೆ ತಂದಿತಾದರೂ ಅದರಲ್ಲಿ ಮುಸ್ತಫಾ ಇರಲಿಲ್ಲ. ಈ ಆಟ ಮಾರ್ಕ್ ಶುಲ್ಟ್ಸ್ ಅವರ ಕಾಮಿಕ್ಸ್ ಆಧಾರಿತವಾದದ್ದು. ಇಂತಹ ಆಟಗಳ ಮರುಬಿಡುಗಡೆಗೆ ಮೂಲ ಕೃತಿಯ ಹಕ್ಕುದಾರರ ಒಪ್ಪಿಗೆಯೂ ಬೇಕು. ಒಪ್ಪಂದ ಏರ್ಪಟ್ಟರೆ ದಾರಿ ತೆರೆಯುತ್ತದೆ ಎಂಬುದಕ್ಕೆ ಅದೇ ವರ್ಷದ ‘ದಿ ಪನಿಷರ್’ ಆಟ 2024ರಲ್ಲಿ ಮರಳಿ ಬಂದದ್ದೇ ನಿದರ್ಶನ.

ಇದು ಒಂದೇ ಆಟದ ಕಥೆಯಲ್ಲ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಮಾರುಕಟ್ಟೆಯಲ್ಲಿ ಲಭ್ಯವಿಲ್ಲ ಎಂದು ‘ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್’ 2023ರಲ್ಲಿ ವರದಿ ಮಾಡಿತ್ತು.

ಭಾರತದ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿ ಎಂದೇ ಪರಿಗಣಿಸುತ್ತದೆ. ನ್ಯಾಯಬದ್ಧವಾಗಿ ಪ್ರತಿ ಹೊಂದಿದವರು ಅದು ನಾಶವಾಗದಂತೆ ರಕ್ಷಣೆಗಾಗಿ ನಕಲು ಮಾಡಿಕೊಳ್ಳಲು 52ನೇ ಕಲಮಿನಲ್ಲಿ ಅವಕಾಶವಿದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಗಳಿಗೂ 2012ರ ತಿದ್ದುಪಡಿ ವಿದ್ಯುನ್ಮಾನ ಸಂಗ್ರಹದ ಅನುಮತಿ ನೀಡಿದೆ. ಆದರೆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದ ಬಳಿ ಇರಬೇಕು ಎಂಬ ಷರತ್ತಿದೆ. ಪುಸ್ತಕಕ್ಕೆ ಹೊಂದುವ ಈ ಷರತ್ತು, ಹುಟ್ಟಿನಿಂದಲೇ ಡಿಜಿಟಲ್ ಆದ ಆಟಕ್ಕೆ ಹೊಂದುವುದು ಹೇಗೆ?

ಆಟಕ್ಕಷ್ಟೇ ಸೀಮಿತವಲ್ಲ

ಇದು ಬಾಲ್ಯದ ನೆನಪುಗಳ ಪ್ರಶ್ನೆ ಮಾತ್ರವಲ್ಲ ಎಂಬುದು ಗಮನಾರ್ಹ. ಯೂನಿಕೋಡ್ ಬಳಕೆಗೆ ಮುನ್ನ ಕನ್ನಡದ ಅಪಾರ ಬರಹಗಳು ನುಡಿ, ಬರಹ ಹಾಗೂ ಇತರ ಫಾಂಟ್‌ಗಳಲ್ಲಿ, ಪೇಜ್‌ಮೇಕರ್ ಪುಟಗಳಲ್ಲಿ ಸಿದ್ಧವಾದವು. ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ ಬಂದದ್ದು 2001ರಲ್ಲಿ. ಪರಿವರ್ತಕ ತಂತ್ರಾಂಶಗಳು ಅಕ್ಷರಗಳನ್ನು ಯೂನಿಕೋಡ್‌ಗೆ ತರಬಲ್ಲವು. ಪುಟವನ್ನು ಇದ್ದಂತೆಯೇ ನೋಡಲು ಹಳೆಯ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶವೇ ಬೇಕಾದೀತು. ಇಂದು ಮುಸ್ತಫಾಗೆ ಒದಗಿದ ಸ್ಥಿತಿ ನಾಳೆ ಊರಿನ ಮುದ್ರಣಾಲಯದ ಕಡತಗಳಿಗೂ ಒದಗಬಹುದು.

ಹಳೆಯ ಬೋರ್ಡು ಮನೆಯಲ್ಲೋ ಅಂಗಡಿಯ ಮೂಲೆಯಲ್ಲೋ ಇದ್ದರೆ ಗುಜರಿಗೆ ಹಾಕುವ ಮುನ್ನ ಯೋಚಿಸುವುದು ಒಳಿತು. ಆದರೆ ಅದರ ಬ್ಯಾಟರಿಯನ್ನು ಸ್ವತಃ ಕಿತ್ತು ತೆಗೆಯಬಾರದು. ವಿದ್ಯುತ್ ಪೂರೈಕೆ ಕ್ಷಣಕಾಲ ತಪ್ಪಿದರೂ ಕೀಲಿ ಅಳಿಸಿಹೋಗಬಹುದು. ಬದಲಿ ವಿದ್ಯುತ್ ಒದಗಿಸಿಕೊಂಡು ಹೊಸ ಬ್ಯಾಟರಿ ಅಳವಡಿಸಬಲ್ಲ ನುರಿತ ತಂತ್ರಜ್ಞರ ನೆರವು ಪಡೆಯುವುದೇ ಸೂಕ್ತ.