ಒಂದು ಭಾಷಣದಿಂದ ಉಳಿದ ಶಾಲೆಗಳು

1835ರ ಏಪ್ರಿಲ್ 11ರಂದು, ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ರಾಜಧಾನಿಯಾದ ಹ್ಯಾರಿಸ್‌ಬರ್ಗಿನಲ್ಲಿ, ಹುಟ್ಟುಕುಂಟನಾದ ವಕೀಲನೊಬ್ಬನು ಪ್ರತಿನಿಧಿಸಭೆಯಲ್ಲಿ ಎದ್ದುನಿಂತು ಮಾಡಿದ ಭಾಷಣವು, ರದ್ದಾಗುವುದೇ ನಿಶ್ಚಯವೆಂದು ಎಲ್ಲರೂ ಬಗೆದಿದ್ದ ಶಾಸನವೊಂದಕ್ಕೆ ಮರುಜೀವವನ್ನಿತ್ತಿತು. ಆತನ ಹೆಸರು ಥಾಡಿಯಸ್ ಸ್ಟೀವನ್ಸ್. ಗುಲಾಮಗಿರಿಯ ಕಡುವೈರಿಯೆಂದೂ ಅಧ್ಯಕ್ಷ ಆಂಡ್ರೂ ಜಾನ್ಸನ್ನನ ಮೇಲೆ ಮಹಾಭಿಯೋಗ ಹೂಡಿಸಿದವರಲ್ಲಿ ಅಗ್ರಗಣ್ಯನೆಂದೂ ಚರಿತ್ರಕಾರರು ಆತನನ್ನು ನೆನೆಯುವುದುಂಟು. ಆದರೆ ಹ್ಯಾರಿಸ್‌ಬರ್ಗಿನ ಆ ದಿನವನ್ನು ಕೈಬಿಟ್ಟು ಆತನ ಚರಿತೆಯನ್ನು ಬರೆಯುವುದೆಂದರೆ ಬೇರನ್ನು ಮರೆತು ಮರವನ್ನು ವರ್ಣಿಸಿದಂತೆ.

ಸ್ಟೀವನ್ಸ್ ಹುಟ್ಟಿದ್ದು 1792ರಲ್ಲಿ, ವರ್ಮಾಂಟ್ ಪ್ರಾಂತದ ಡ್ಯಾನ್‌ವಿಲ್ ಎಂಬ ಹಳ್ಳಿಯಲ್ಲಿ. ತಂದೆಯ ಆಸರೆ ತಪ್ಪಿದ ಮೇಲೆ ಮನೆಯ ಭಾರವನ್ನೆಲ್ಲ ಹೊತ್ತ ತಾಯಿ ಸಾರಾ, ಮಕ್ಕಳ ಓದು ನಿಲ್ಲಬಾರದೆಂಬ ಒಂದೇ ಹಂಬಲದಿಂದ, ಶಾಲೆಯಿದ್ದ ಪೀಚಂ ಎಂಬ ಊರಿಗೆ ಸಂಸಾರವನ್ನು ಸಾಗಿಸಿದಳು. ಡಾರ್ಟ್‌ಮತ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ, ಕೆಲಕಾಲ ಉಪಾಧ್ಯಾಯನಾಗಿದ್ದು, ಪೆನ್ಸಿಲ್ವೇನಿಯದ ಗೆಟಿಸ್‌ಬರ್ಗಿನಲ್ಲಿ ವಕೀಲಿ ಆರಂಭಿಸಿದ ಮಗನು, ಕೈಯಲ್ಲಿ ಹಣ ಕೂಡಿದಾಗ ಆ ತಾಯಿಗೆ ಜಮೀನೊಂದನ್ನು ಕೊಡಿಸಿದನು.

ಆ ಕಾಲದ ಪೆನ್ಸಿಲ್ವೇನಿಯದಲ್ಲಿ ಬಡವರ ಮಕ್ಕಳಿಗೆ ಸರ್ಕಾರದ ಖರ್ಚಿನಲ್ಲಿ ಪಾಠ ಸಿಗುತ್ತಿತ್ತು, ನಿಜ. ಆದರೆ 1809ರ ಕಾನೂನಿನಂತೆ ಹೆತ್ತವರು ತಾವು ನಿರ್ಗತಿಕರೆಂದು ಮೊದಲು ಒಪ್ಪಿಕೊಂಡು ಪಟ್ಟಿಯಲ್ಲಿ ಹೆಸರು ಬರೆಯಿಸಬೇಕಾಗಿತ್ತು. ಆ ಅವಮಾನಕ್ಕಂಜಿ ಎಷ್ಟೋ ಜನ ಮಕ್ಕಳನ್ನು ಮನೆಯಲ್ಲಿಯೇ ಉಳಿಸಿಕೊಂಡರು. ಸಿರಿವಂತ ಬಡವರೆಂಬ ಭೇದವಿಲ್ಲದೆ ಸರ್ವರಿಗೂ ತೆರೆದ, ತೆರಿಗೆಯಿಂದ ನಡೆಯುವ ಶಾಲೆಗಳನ್ನು ವಿಧಿಸಿದ್ದು 1834ರ ಶಾಸನ. ಮಕ್ಕಳಿಲ್ಲದವರು, ತಮ್ಮ ಪಂಥದ ಶಾಲೆಗಳನ್ನೇ ನೆಚ್ಚಿದ್ದ ಜರ್ಮನ್ ಮೂಲದ ರೈತರು, ಹೊಸ ತೆರಿಗೆಯೆಂದರೆ ಸಿಡಿಮಿಡಿಗೊಳ್ಳುವ ಭೂಮಾಲಿಕರು, ಹೀಗೆ ನಾನಾ ಬಗೆಯ ಜನ ಅದರ ಮೇಲೆ ತಿರುಗಿಬಿದ್ದರು. ಸುಮಾರು 32,000 ಸಹಿಗಳುಳ್ಳ ಅರ್ಜಿಗಳು ಬಂದವು. ಸೆನೆಟ್ ಸಭೆ ಶಾಸನವನ್ನು ರದ್ದುಮಾಡಲು ಒಪ್ಪಿಯೂಬಿಟ್ಟಿತು.

ಸ್ಟೀವನ್ಸ್ ಎದ್ದದ್ದು ಆಗ. ಹಳೆಯ ಕಾನೂನು ಬಡವರಿಗೆ ಮುದ್ರೆಯೊತ್ತಿ ಬೇರ್ಪಡಿಸುವ ಕಾನೂನೆಂದು ಖಂಡಿಸಿದನು. ಅಪರಾಧಿಗಳನ್ನು ಸಾಕಿ ಶಿಕ್ಷಿಸುವುದಕ್ಕೆ ಮರುಮಾತಿಲ್ಲದೆ ತೆರಿಗೆ ಕೊಡುವವನು, ಮನುಷ್ಯನು ಅಪರಾಧಿಯಾಗದಂತೆ ತಡೆಯುವ ವಿದ್ಯೆಗೆ ಕೊಡಲು ಗೊಣಗುವುದೇಕೆಂದು ಕೇಳಿದನು. ರಾಜಕೀಯದಲ್ಲಿ ತನ್ನ ಎದುರಾಳಿಯಾಗಿದ್ದ ಗವರ್ನರ್ ಜಾರ್ಜ್ ವುಲ್ಫನು ಶಾಲೆಗಳ ಪರವಾಗಿ ನಿಂತುದನ್ನು, ಪಕ್ಷಭೇದವನ್ನು ಬದಿಗಿಟ್ಟು, ಮನಸಾರೆ ಎತ್ತಿಹಿಡಿದನು. ಭಾಷಣ ಮುಗಿದಾಗ ಸಭೆಯ ಒಲವು ತಿರುಗಿತ್ತು, ಶಾಸನ ಉಳಿಯಿತು, ಸೆನೆಟ್ ಸಹ ತನ್ನ ನಿರ್ಧಾರದಿಂದ ಹಿಂದೆಗೆಯಿತು. ಆ ಭಾಷಣವನ್ನು ಅಭಿಮಾನಿಗಳು ರೇಷ್ಮೆಯ ಮೇಲೆ ಅಚ್ಚುಹಾಕಿಸಿ ಆತನಿಗೆ ಅರ್ಪಿಸಿದರು.

ಮುಂದಿನದು ಬಹುಮಟ್ಟಿಗೆ ಬಲ್ಲ ಕಥೆ. ತರುಣ ವಕೀಲನಾಗಿ 1821ರಲ್ಲಿ ಒಡೆಯನೊಬ್ಬನ ಪರವಾಗಿ ವಾದಿಸಿ, ಚಾರಿಟಿ ಬಟ್ಲರ್ ಎಂಬ ಹೆಂಗಸನ್ನು ಮರಳಿ ಗುಲಾಮಗಿರಿಗೆ ತಳ್ಳಿದವನೇ, ಮುಂದೆ ತಪ್ಪಿಸಿಕೊಂಡು ಬಂದ ಗುಲಾಮರ ಆಶ್ರಯದಾತನಾದನು. ಅಮೆರಿಕದ ಸಂವಿಧಾನದಲ್ಲಿ ಗುಲಾಮಗಿರಿಯನ್ನು ತೊಡೆದ 13ನೆಯ ತಿದ್ದುಪಡಿಗೂ, ಸರ್ವರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ವಿಧಿಸಿದ 14ನೆಯದಕ್ಕೂ ಕಾಂಗ್ರೆಸ್ಸಿನಲ್ಲಿ ಹೆಗಲುಕೊಟ್ಟನು. ಬಡವನ ಮಗುವನ್ನು ಬೇರೆ ಪಟ್ಟಿಯಲ್ಲಿ ಬರೆಯಬಾರದೆಂದು 1835ರಲ್ಲಿ ಹಿಡಿದ ಹಟವೇ ಇಲ್ಲಿಯೂ ಕೆಲಸಮಾಡಿತೆಂಬುದು ನನ್ನ ದೃಢವಾದ ನಂಬಿಕೆ. ಇಂಥವನನ್ನು 1915ರ ‘ದಿ ಬರ್ತ್ ಆಫ್ ಎ ನೇಷನ್’ ಚಲಚ್ಚಿತ್ರವು ಪಾತ್ರವೊಂದರ ಮರೆಯಲ್ಲಿ ದ್ವೇಷಮೂರ್ತಿಯಾಗಿ ಚಿತ್ರಿಸಿತು. ಅನೇಕ ಪಂಡಿತರು ಅದೇ ರಾಗವನ್ನು ಎಳೆದರು. ತರಗತಿಗಳಲ್ಲಿ ಕುಳಿತು ಓದಿದ ಲಕ್ಷಾಂತರ ಮಕ್ಕಳಿಗೆ ಆತನ ಹೆಸರೇ ತಿಳಿಯದೆ ಹೋದುದು ದೊಡ್ಡ ಅನ್ಯಾಯ.

1868ರ ಆಗಸ್ಟ್ 11ರಂದು ಸ್ಟೀವನ್ಸ್ ತೀರಿಕೊಂಡನು. ಕರಿಯರಿಗೆ ಪ್ರವೇಶವಿಲ್ಲದ ಶ್ಮಶಾನಗಳನ್ನು ನಿರಾಕರಿಸಿ, ಎಲ್ಲ ವರ್ಣದವರಿಗೂ ಎಡೆಯಿದ್ದ ಲ್ಯಾಂಕಾಸ್ಟರಿನ ಚಿಕ್ಕ ಶ್ಮಶಾನವನ್ನು ತಾನೇ ಆರಿಸಿಕೊಂಡಿದ್ದನು. ಆ ಕಾರಣವನ್ನು ಗೋರಿಕಲ್ಲಿನ ಮೇಲೆಯೂ ಕೆತ್ತಿಸಿದನು. ಜಾತಿವರ್ಣಗಳ ಭೇದವೆಣಿಸದೆ ಅನಾಥ ಮಕ್ಕಳನ್ನು ಸಲಹುವ ಸಂಸ್ಥೆಗಾಗಿ ಉಯಿಲಿನಲ್ಲಿ ಹಣವನ್ನು ಬಿಟ್ಟನು. ಆ ಉಯಿಲಿನ ಫಲವಾಗಿ 1905ರಲ್ಲಿ ಲ್ಯಾಂಕಾಸ್ಟರಿನಲ್ಲಿ ಸ್ಥಾಪಿತವಾದ ಶಾಲೆಯು, ಈಗ ಕಾಲೇಜಾಗಿ, ಆತನ ಹೆಸರಿನಲ್ಲಿಯೇ ಬಡ ವಿದ್ಯಾರ್ಥಿಗಳಿಗೆ ಕಸುಬುಗಳನ್ನು ಕಲಿಸುತ್ತಿದೆ.