ಜಗಲಿಗೆ ಬಂದ ಗಣಕಯಂತ್ರ: ಸಿದ್ದಾಪುರ ಸೀಮೆಯ ಸ್ಮರಣಕಥನಗಳ ಜಾನಪದೀಯ ನೆಲೆ

ಜಾನಪದವೆಂದೊಡನೆ ಲಾವಣಿ, ಒಗಟು, ಹಸೆಚಿತ್ತಾರ, ಸುಗ್ಗಿಕುಣಿತಗಳತ್ತ ಮನಸ್ಸು ಹರಿಯುವುದು ಸಹಜ. ಆದರೆ ಒಂದು ಸಮುದಾಯ ತನ್ನ ನಡುವೆ ಹೊಸದಾಗಿ ಬಂದ ವಸ್ತುವನ್ನು ಹೇಗೆ ಬರಮಾಡಿಕೊಂಡಿತು, ಅದರ ಸುತ್ತ ಯಾವ ನಂಬಿಕೆ, ನಡಾವಳಿ, ನಗೆಮಾತುಗಳನ್ನು ಕಟ್ಟಿಕೊಂಡಿತು ಎಂಬುದೂ ಜಾನಪದ ಅಧ್ಯಯನದ ವ್ಯಾಪ್ತಿಗೆ ಸೇರಿದ ವಿಷಯವೇ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕು ಹಾಗೂ ಶಿರಸಿ, ಯಲ್ಲಾಪುರ ಸೀಮೆಗಳಲ್ಲಿ ಗಣಕಯಂತ್ರ ಮತ್ತು ಅಂತರ್ಜಾಲದ ಮೊದಲ ದಿನಗಳನ್ನು ಕುರಿತ ನೆನಪುಗಳು ಇಂದು ಕಥನರೂಪ ತಾಳಿವೆ. ಇವುಗಳಲ್ಲಿ ಕಾಣುವ ಹಳಹಳಿಕೆ ಯಂತ್ರವನ್ನು ಕುರಿತದ್ದೋ, ಆ ಯಂತ್ರದ ಸುತ್ತ ನೆರೆದಿದ್ದ ಮನುಷ್ಯರನ್ನು ಕುರಿತದ್ದೋ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಹಣಿಯ ಮೂಲಕ ಮೊದಲ ಪರಿಚಯ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದು ಮೊದಲು ಮಹಾನಗರಗಳ ಸಂಗತಿಯಾಗಿತ್ತು. ಮಲೆನಾಡಿನ ಬಹುಪಾಲು ಕೃಷಿಕರಿಗೆ ಗಣಕಯಂತ್ರದ ಪರಿಚಯವಾದದ್ದು ಅಂತರ್ಜಾಲದಿಂದಲ್ಲ, ತಾಲೂಕು ಕಚೇರಿಯ 'ಭೂಮಿ' ಕೇಂದ್ರದಿಂದ. 2000ದಿಂದ 2002ರ ಅವಧಿಯಲ್ಲಿ ರಾಜ್ಯದ ತಾಲೂಕುಗಳಿಗೆ ವಿಸ್ತರಿಸಿದ ಈ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಜಮೀನು ದಾಖಲೆಗಳನ್ನು ಗಣಕೀಕರಿಸಿತು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಆ ಮೇಲೆ ಮಾನ್ಯತೆ ಉಳಿಯಲಿಲ್ಲ.

ಇದರ ಸಾಂಸ್ಕೃತಿಕ ಮಹತ್ವವನ್ನು ಗಮನಿಸಬೇಕು. ಜಮೀನಿನ ಲೆಕ್ಕ ತಲೆಮಾರುಗಳ ಕಾಲ ಶಾನುಭೋಗರ ಕೈಯಲ್ಲಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ಆ ವಂಶಪಾರಂಪರ್ಯ ಅಧಿಕಾರ ಹೋಗಿ ಗ್ರಾಮಲೆಕ್ಕಿಗರು ಬಂದರೂ ದಾಖಲೆ ಕಡತದೊಳಗೇ ಇತ್ತು. ಭೂಮಿ ಕೇಂದ್ರಗಳಲ್ಲಾದರೋ ಜನರತ್ತ ಮುಖಮಾಡಿದ ಎರಡನೆಯ ಪರದೆಯೊಂದನ್ನು ಇಡುವ ವ್ಯವಸ್ಥೆಯಿತ್ತು. ತನ್ನ ಹೆಸರು, ಸರ್ವೆ ನಂಬರು, ತೋಟದ ವಿಸ್ತೀರ್ಣ ಕನ್ನಡದಲ್ಲಿ ಮೂಡುವುದನ್ನು ರೈತ ನಿಂತು ನೋಡಬಹುದಾಗಿತ್ತು. ಸಹಕಾರಿ ಸಂಘದ ಬೆಳೆಸಾಲಕ್ಕೂ ಅಣ್ಣತಮ್ಮಂದಿರ ಪಾಲುಪಟ್ಟಿಗೂ ಪಹಣಿಯೇ ಆಧಾರವಾದ ಈ ಸೀಮೆಯಲ್ಲಿ 'ಕಂಪ್ಯೂಟರಿನಲ್ಲಿ ಬಂದಿದೆ' ಎಂಬ ಮಾತಿಗೆ 'ಇನ್ನು ತಿದ್ದಲಾಗದು' ಎಂಬ ಅರ್ಥ ಬಂದದ್ದು ಆಕಸ್ಮಿಕವಲ್ಲ. ಹೆಸರು ತಪ್ಪಾಗಿ ಅಚ್ಚಾದವರಿಗೆ ಇದೇ ಮಾತು ವ್ಯಂಗ್ಯವೂ ಆಯಿತು.

ಸ್ಮರಣಕಥನಗಳ ಆಶಯಗಳು

ಮನೆಯ ಗಣಕಯಂತ್ರದ ಕಥನಗಳನ್ನು ಅರಿಯಲು ಇಲ್ಲಿಯ ವಸತಿಕ್ರಮವನ್ನು ತಿಳಿದಿರಬೇಕು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಕಣಿವೆಯಲ್ಲಿ ಅಡಿಕೆ ತೋಟ, ಅದರ ತಲೆಯಲ್ಲಿ ಮನೆ, ಹಿಂದೆ ಸೊಪ್ಪಿನ ಬೆಟ್ಟ. ಮುಂದಿನ ಮನೆಗೆ ಒಂದು ಗುಡ್ಡ ದಾಟಬೇಕು. ದೂರವಾಣಿಯ ತಂತಿ ಕಾಡಿನ ನಡುವೆ ಹಾದುಬರಬೇಕಾಗಿದ್ದುದರಿಂದ ಮಳೆಗಾಲದಲ್ಲಿ ಮರ ಬಿದ್ದರೆ ವಾರಗಟ್ಟಲೆ ಸಂಪರ್ಕವಿರುತ್ತಿರಲಿಲ್ಲ. ಇಂಥ ತಂತಿಯ ಮೇಲೆಯೇ ಅಂತರ್ಜಾಲವೂ ಬಂದಿತು. ಮಕ್ಕಳು ಓದಿಗೋ ಉದ್ಯೋಗಕ್ಕೋ ಬೆಂಗಳೂರು ಸೇರಿದ ಮನೆಗಳಲ್ಲಿ ಗಣಕಯಂತ್ರ ಸಾಮಾನ್ಯವಾಗಿ ನೆಲೆಗೊಂಡದ್ದು ಬಂದುಹೋಗುವವರೆಲ್ಲ ಕುಳಿತು ಕವಳ ಹಾಕುವ ಜಗಲಿಯಲ್ಲಿ ಅಥವಾ ಅದಕ್ಕೆ ತಾಗಿದ ಕೋಣೆಯಲ್ಲಿ. ಈ ಕಾಲದ ಕಥನಗಳಲ್ಲಿ ನಾಲ್ಕು ಆಶಯಗಳು ಮರಳಿ ಮರಳಿ ಬರುತ್ತವೆ.

ಮೊದಲನೆಯದು ಕಾಯುವಿಕೆಯ ಆಶಯ. ದೂರವಾಣಿ ತಂತಿಯ ಮೇಲೆ ಮೋಡೆಮ್ ಸಾಗಿಸಬಹುದಾಗಿದ್ದ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಒಂದು ಮೆಗಾಬೈಟಿನ ಛಾಯಾಚಿತ್ರ ಇಳಿಯಲು ಲೆಕ್ಕದ ಪ್ರಕಾರವೇ ಸುಮಾರು ಎರಡೂವರೆ ನಿಮಿಷ ಬೇಕು. ಹಳ್ಳಿಯ ತಂತಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಮೊಮ್ಮಗುವಿನ ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯುವಾಗ ಮೊದಲು ಕೂದಲು, ಆಮೇಲೆ ಹಣೆ, ಕಣ್ಣು. ಅಷ್ಟರಲ್ಲಿ ಸಂಪರ್ಕ ಕಡಿದರೆ ಮೂಗಿನವರೆಗಿನ ಮಗು. ಇದನ್ನು ಹೇಳುವವರು ನಗುತ್ತಲೇ ಹೇಳುತ್ತಾರೆ. ಮೋಡೆಮ್ ಎರಡು ತುದಿಗಳಲ್ಲಿ ಒಪ್ಪಂದಕ್ಕೆ ಬರುವಾಗ ಹೊರಡಿಸುತ್ತಿದ್ದ ಕೀರಲು ದನಿಯನ್ನು ಅನುಕರಿಸಿ ತೋರಿಸುವುದೂ ಈ ಕಥನದ ಪ್ರದರ್ಶನಾಂಗ.

ಎರಡನೆಯದು ಸಿಡಿಲಿನ ಆಶಯ. ಮುಂಗಾರಿನ ಮುಂಚಿನ ಗುಡುಗುಮಳೆಯಲ್ಲಿ ತಂತಿಯ ಮೂಲಕ ಹರಿದ ವಿದ್ಯುತ್ತಿಗೆ ಮೋಡೆಮ್ ಸುಡುವುದು ಸಾಮಾನ್ಯವಾಗಿತ್ತು. ಮೋಡ ಕಟ್ಟಿತೆಂದರೆ ಅಂಗಳದ ಅಡಿಕೆ ಎತ್ತುವುದರ ಜೊತೆಗೆ ದೂರವಾಣಿ ತಂತಿ ಕೀಳುವುದೂ ಮನೆಗೆಲಸದ ಪಟ್ಟಿಗೆ ಸೇರಿತು. ಹೀಗೆ ಯಂತ್ರ ಇಲ್ಲಿಯ ಋತುಮಾನದ ಲಯಕ್ಕೆ ಒಳಪಟ್ಟಿತು.

ಮೂರನೆಯದು ಭಯಭಕ್ತಿಯ ಆಶಯ. ಶಾಲಾಕಾಲೇಜುಗಳ ಗಣಕ ಕೊಠಡಿಯ ಹೊರಗೆ ಚಪ್ಪಲಿ ಬಿಡಬೇಕೆಂಬ ನಿಯಮಕ್ಕೆ ಧೂಳು ಕಾರಣ. ದೇವರ ಕೋಣೆಯ ಮಡಿಯನ್ನು ಬಲ್ಲ ಸಮುದಾಯಕ್ಕೆ ಅದು ಬೇರೆಯೇ ಅರ್ಥ ಕೊಟ್ಟಿತು. ಯಂತ್ರಕ್ಕೆ ಬಟ್ಟೆಯ ಹೊದಿಕೆ ಹೊಲಿಸುವುದು, ಆಯುಧಪೂಜೆಯಂದು ಕತ್ತಿ, ಹಾರೆಗಳ ಸಾಲಿನಲ್ಲಿ ಕೀಲಿಮಣೆಗೂ ಕುಂಕುಮವಿಡುವುದು, ಪರರ ಫ್ಲಾಪಿಯಿಂದ ತಗಲುವ ವೈರಸ್ಸನ್ನು ಮೈಲಿಗೆಯಂತೆ ಮಾತನಾಡುವುದು ಇವೆಲ್ಲ ಹಳೆಯ ವರ್ಗೀಕರಣದೊಳಗೆ ಹೊಸ ವಸ್ತುವನ್ನು ಕೂರಿಸಿದ ಬಗೆಗಳು.

ನಾಲ್ಕನೆಯದು ಹಾಗೂ ಮುಖ್ಯವಾದುದು ಓದಿ ಹೇಳುವವರ ಆಶಯ. ಅಂಚೆಯ ಕಾಲದಲ್ಲಿ ಅಕ್ಷರ ಬಲ್ಲ ಒಬ್ಬರು ಕೇರಿಗೆಲ್ಲ ಕಾಗದ ಓದುತ್ತಿದ್ದಂತೆ, ಯಂತ್ರ ಬಲ್ಲ ಮಾಣಿಯೋ ಕೂಸೋ ಊರಿಗೆಲ್ಲ ಮಿಂಚಂಚೆ ಓದುತ್ತಿದ್ದ ಕಾಲವಿತ್ತು. 'ಅಪ್ಪೀ, ಅಂವ ಎಂತ ಬರದ್ದಾ ನೋಡು' ಎಂದು ಆಯಿ ಕೇಳಿದರೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ ಕನ್ನಡವನ್ನು ಆತ ಮತ್ತೆ ಹವ್ಯಕ ಮಾತಾಗಿಸಿ ಹೇಳಬೇಕು. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಅವನದು. ತಾಳಮದ್ದಳೆಯ ಅರ್ಥಧಾರಿ ಪದ್ಯವನ್ನು ಮಾತಾಗಿ ಬಿಡಿಸುವಂತೆ ಈ ಓದುಗನೂ ಪಠ್ಯವನ್ನು ಸಭೆಗೆ ಬಿಡಿಸುತ್ತಿದ್ದ. ಕೇಳುವವರು ನಡುನಡುವೆ ಮಾತು ಕೂಡಿಸುತ್ತಿದ್ದರು.

ಮನೆಯಲ್ಲಿ ದೂರವಾಣಿಯೇ ಇರದ ಕುಟುಂಬಗಳಿಗೆ ಪೇಟೆಯ ಸೈಬರ್ ಕೆಫೆಯೇ ಜಗಲಿಯಾಯಿತು. ಪರೀಕ್ಷೆಯ ಫಲಿತಾಂಶದ ದಿನ ಒಂದು ಪರದೆಯ ಹಿಂದೆ ಹತ್ತಾರು ಮಂದಿ ನಿಂತು ತಮ್ಮ ನೋಂದಣಿ ಸಂಖ್ಯೆಯ ಸರದಿಗೆ ಕಾದ ಕಥನ ಕೂಲಿಕಾರರ ಮಕ್ಕಳಿಂದಲೂ ತೋಟದ ಒಡೆಯರ ಮಕ್ಕಳಿಂದಲೂ ಒಂದೇ ರೀತಿಯಲ್ಲಿ ಕೇಳಿಬರುತ್ತದೆ.

ಉಳಿದ ನೆನಪು, ಅಳಿದ ಅಕ್ಷರ

ಕನ್ನಡ ಅಕ್ಷರಗಳು ಗಣಕಕ್ಕೆ ಬಂದ ಇತಿಹಾಸ ಇದೇ ಕಾಲದ್ದು. ಕೆ.ಪಿ. ರಾವ್ ಅವರು ರೂಪಿಸಿದ ಧ್ವನಿಯಾಧಾರಿತ ಕೀಲಿಮಣೆ ವಿನ್ಯಾಸ, 1996ರಲ್ಲಿ ಯು.ಬಿ. ಪವನಜ ಅವರು ಆರಂಭಿಸಿದ 'ವಿಶ್ವಕನ್ನಡ' ತಾಣ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಆ ದಿನಗಳ ಮೈಲಿಗಲ್ಲುಗಳು. ಊರಿನ ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಸಂಘದ ವರದಿಗಳೆಲ್ಲ ಈ ತಂತ್ರಾಂಶಗಳ ಹಾಗೂ ಖಾಸಗಿ ಕಂಪನಿಗಳ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದವು.

ಇಲ್ಲೊಂದು ತಾಂತ್ರಿಕ ಸಂಗತಿಯನ್ನು ವಿವರಿಸಬೇಕು. ಆ ಕಾಲದ ಬಹುತೇಕ ಕಡತಗಳಲ್ಲಿ ಕನ್ನಡ ಅಕ್ಷರ ಕನ್ನಡವಾಗಿ ದಾಖಲಾಗುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಸಂಖ್ಯೆಗಳ ಮೇಲೆ ತಲೆಕಟ್ಟು, ಒತ್ತಕ್ಷರ, ಗುಣಿತಗಳ ತುಣುಕುಗಳನ್ನು ಕೂರಿಸಲಾಗಿತ್ತು. ಆಯಾ ಅಕ್ಷರವಿನ್ಯಾಸ ಇಲ್ಲದ ಯಂತ್ರದಲ್ಲಿ ಅದೇ ಪಠ್ಯ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಒಬ್ಬೊಬ್ಬ ತಯಾರಕರ ಸಂಕೇತ ಒಂದೊಂದು ಬಗೆ. 1991ರಲ್ಲೇ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ದಿನಬಳಕೆಗೆ ಬರಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಜಾನಪದ ವಿದ್ವಾಂಸರಿಗೆ ಇದು ಹೊರಗಿನ ಸಮಸ್ಯೆಯಲ್ಲ. ಆ ವರ್ಷಗಳಲ್ಲಿ ಕ್ಷೇತ್ರಕಾರ್ಯದಿಂದ ಸಂಗ್ರಹಿಸಿ ಬೆರಳಚ್ಚು ಮಾಡಿಸಿದ ಹಾಡು, ಕಥೆ, ಗಾದೆಗಳು 1.44 ಮೆಗಾಬೈಟಿನ ಫ್ಲಾಪಿಗಳಲ್ಲಿ, ಸಿ.ಡಿ.ಗಳಲ್ಲಿ, ಇಂಥದೇ ಅಕ್ಷರವಿನ್ಯಾಸಗಳಲ್ಲಿ ಉಳಿದಿವೆ. ಇದೇ ಮಲೆನಾಡಿನಲ್ಲಿ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದ ಬಟ್ಟೆಯ ಕಡತಗಳ ಮೇಲೆ ಬಳಪದಲ್ಲಿ ಬರೆದ ಲೆಕ್ಕ ನೂರಾರು ವರ್ಷ ಉಳಿದು ಬಂದಿದೆ. ಓಲೆಗರಿಯ ಯಕ್ಷಗಾನ ಪ್ರಸಂಗಗಳು ಅಟ್ಟದ ಮೇಲೆ ಸಿಗುತ್ತವೆ. ಇಪ್ಪತ್ತೈದು ವರ್ಷದ ಫ್ಲಾಪಿಯನ್ನು ಓದುವ ಸಾಧನವೇ ಮನೆಯಲ್ಲಿಲ್ಲ. ಹಾಡಿದವರಲ್ಲಿ ಅನೇಕರು ಈಗಿಲ್ಲ. ಬರೆದಿಟ್ಟ ಪಠ್ಯವೂ ಓದಲು ಬಾರದಿದ್ದರೆ ಆ ಹಾಡು ಎರಡನೆಯ ಸಲ ಕಳೆದುಹೋದಂತೆಯೇ ಸರಿ.

ಹಳಹಳಿಕೆಯ ಸ್ವರೂಪ

2005ರಲ್ಲಿ ಭಾರತ ಸಂಚಾರ ನಿಗಮದ ಬ್ರಾಡ್‌ಬ್ಯಾಂಡ್ ಸೇವೆ ಆರಂಭವಾಯಿತು. ಆನಂತರದ ದಶಕದಲ್ಲಿ ಕೈಫೋನುಗಳು ಬಂದು ಪರದೆ ಒಬ್ಬೊಬ್ಬರ ಅಂಗೈ ಸೇರಿತು. ಓದಿ ಹೇಳುವವರ ಅಗತ್ಯ ಕಡಿಮೆಯಾಯಿತು. ಈ ಸೀಮೆಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳು ಕಥೆ ಹೇಳುವ ಮುಖ್ಯ ಸಂದರ್ಭಗಳಾಗಿದ್ದವು. ಸುಲಿಯುವ ಯಂತ್ರ ಬಂದ ಮೇಲೆ ಆ ಕೂಟ ತೆಳುವಾದಂತೆ ಗಣಕದ ಸುತ್ತಲಿನ ಕೂಟವೂ ಕರಗಿತು. ಆದ್ದರಿಂದ ಇಂದಿನ ಹಳಹಳಿಕೆ ನಿಧಾನಗತಿಯ ಯಂತ್ರವನ್ನು ಬಯಸುವುದಿಲ್ಲ. ಅದು ನೆನೆಯುವುದು ಒಟ್ಟಾಗಿ ಕಾದ ಹೊತ್ತನ್ನು.

ಆದರೆ ಈ ಹಳಹಳಿಕೆ ಎಲ್ಲರಿಗೂ ಸಮನಾಗಿ ಸಾಧ್ಯವಾಗಿಲ್ಲ ಎಂಬುದನ್ನೂ ಮರೆಯುವಂತಿಲ್ಲ. 2020ರ ಕೊರೋನಾ ದಿನಗಳಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡದ ನೆತ್ತಿ ಹುಡುಕಿ ಹೋಗಬೇಕಾಯಿತು. ಸಂಪರ್ಕಕ್ಕಾಗಿ ಕಾಯುವುದು ಪೇಟೆಯವರಿಗೆ ನೆನಪಾಗಿದ್ದಾಗ ಕಣಿವೆಯ ಮನೆಗಳಿಗೆ ಇನ್ನೂ ನಿತ್ಯದ ಅನುಭವವಾಗಿತ್ತು. ಮುಗಿದುಹೋದುದನ್ನು ಮಾತ್ರ ಪ್ರೀತಿಯಿಂದ ನೆನೆಯಬಹುದು. ಯಾರ ಕೊರತೆ ಮುಗಿದಿದೆ, ಯಾರದು ಮುಗಿದಿಲ್ಲ ಎಂಬುದನ್ನು ಈ ಕಥನಗಳ ಅಧ್ಯಯನ ಬೇರ್ಪಡಿಸಿ ನೋಡಬೇಕು.

ಸಮಾರೋಪ

ಮೇಲಿನ ಚರ್ಚೆಯಿಂದ ಎರಡು ಕೆಲಸಗಳು ಜೊತೆಯಾಗಿ ನಡೆಯಬೇಕೆಂಬುದು ಸ್ಪಷ್ಟವಾಗುತ್ತದೆ. ಅಂದು ಓದಿ ಹೇಳುತ್ತಿದ್ದ ಯುವಕಯುವತಿಯರು ಈಗ ಮಧ್ಯವಯಸ್ಸಿನವರು. ಕೇಳುತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಇಬ್ಬರ ಕಥನಗಳನ್ನೂ, ಕೆಫೆಗಳಲ್ಲಿ ಸರದಿ ಕಾದವರ ಮತ್ತು ಭೂಮಿ ಕೇಂದ್ರದ ಪರದೆಯೆದುರು ನಿಂತವರ ಕಥನಗಳನ್ನೂ ದಾಖಲಿಸಬೇಕು. ಅದರೊಂದಿಗೆ ವಿಭಾಗಗಳು ಮತ್ತು ಗ್ರಂಥಾಲಯಗಳು ತಮ್ಮಲ್ಲಿರುವ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಮೂಲ ಕಡತವನ್ನೂ ಅಕ್ಷರವಿನ್ಯಾಸವನ್ನೂ ಜೊತೆಗಿರಿಸಿ, ಯಾವ ತಂತ್ರಾಂಶ, ಯಾವ ವರ್ಷ ಎಂಬುದನ್ನು ಸೂಚಿಯಲ್ಲಿ ನಮೂದಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರಗಳು ತಪ್ಪುವುದುಂಟಾದ್ದರಿಂದ, ಪ್ರಾದೇಶಿಕ ಉಪಭಾಷೆ ಬಲ್ಲವರು ಪಠ್ಯವನ್ನು ಒಮ್ಮೆ ಓದಿ ನೋಡುವುದು ಅಗತ್ಯ. ಅಂದು ಜಗಲಿಯಲ್ಲಿ ಇದ್ದಂತೆಯೇ ಈ ಕೆಲಸಕ್ಕೂ ಯಂತ್ರದ ಪಕ್ಕದಲ್ಲಿ ಓದಿ ಹೇಳುವ ಒಬ್ಬ ಮನುಷ್ಯ ಬೇಕು.